ಹೊಸ ಕಂಪ್ಯೂಟರಿಗೆ ವಿಂಡೋಸ್ 7 ಹಾಕಿಸಲೋ, 11 ಹಾಕಿಸಲೋ? ಪೇಜ್‌ಮೇಕರ್ ಬಳಸುವವರು ಹೇಳಿ

ಸಾಗರದ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನಂದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿ. ಎಲ್ಲವೂ ಪುಟ ಕಟ್ಟೋ ಹಳೇ ಪ್ರೋಗ್ರಾಂ ಪೇಜ್‌ಮೇಕರ್ 7ರಲ್ಲಿ, ನುಡಿ ಅನ್ನೋ ಕನ್ನಡ ಟೈಪಿಂಗ್ ಪ್ರೋಗ್ರಾಮಿನ ಫಾಂಟಿನಲ್ಲಿ. ಇದ್ದದ್ದು ಹಳೇ ಕೋರ್ 2 ಡ್ಯುಯೊ, 32 ಬಿಟ್ ವಿಂಡೋಸ್ 7. ಹೋದ ವಾರದ ಗುಡುಗಿಗೆ ಮದರ್‌ಬೋರ್ಡ್ ಹೋಯ್ತು. ಹಾರ್ಡ್ ಡಿಸ್ಕ್ ಉಳೀತು, ಅದೇ ಪುಣ್ಯ.

ಹೊಸದಕ್ಕೆ ಕೊಟೇಶನ್ ತಗೊಂಡಿದ್ದೀನಿ: ಐ3 12100, ಎಚ್610 ಬೋರ್ಡು, 8 ಜಿಬಿ ರ್‍ಯಾಮ್, 512 ಜಿಬಿ ಎನ್‌ವಿಎಂಇ. ಅಂಗಡಿಯವರು ವಿಂಡೋಸ್ 11 ಅಂತಾರೆ. ಪಕ್ಕದ ಪ್ರೆಸ್ಸಿನ ಭಟ್ರು, "ಹನ್ನೊಂದು ಗಿನ್ನೊಂದು ಬೇಡ ಮಾರಾಯ, ಏಳೇ ಹಾಕ್ಸು, ಪೇಜ್‌ಮೇಕರ್ ನೆಟ್ಟಗೆ ಓಡೋದು ಅದ್ರಲ್ಲೇ" ಅಂತಾರೆ. ಮಗಳು ಬೆಂಗಳೂರಿಂದ ಫೋನ್ ಮಾಡಿ, "ಅಪ್ಪ, ಏಳು ಹಾಕ್ಸಿದ್ರೆ ಆ ಮಷೀನಲ್ಲಿ ಬ್ಯಾಂಕಿನ ಕೆಲಸ ಮಾತ್ರ ಮಾಡ್ಬೇಡ" ಅಂತಾಳೆ. ಇಬ್ರ ಮಾತೂ ಸರಿ ಅನ್ಸುತ್ತೆ, ಅದೇ ಕಷ್ಟ.

ಹಳೇ ಫೈಲು ಬಿಡೋ ಹಾಗಿಲ್ಲ. ಸೊಸೈಟಿಯವರು ಪ್ರತಿ ವರ್ಷ ಬಂದು "ಹೋದ ವರ್ಷದ್ದೇ ತೆಗೀರಿ, ಅಂಕಿ ಬದಲಾಯಿಸಿದ್ರೆ ಸಾಕು" ಅನ್ನೋರು. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900, ಕಲ್ಲಿನ ಹಾಗೆ ಗಟ್ಟಿ ಇದೆ, ಅದನ್ನೂ ಬಿಡಲ್ಲ. ಒಂದು ಹಳೇ ಕನ್ನಡ ಫಾಂಟ್ ಪ್ಯಾಕೇಜಿಗೆ ಯುಎಸ್‌ಬಿ ಡಾಂಗಲ್ ಇದೆ, ಆ ಬೀಗದ ಕಡ್ಡಿ ಚುಚ್ಚಿದ್ರೆ ಮಾತ್ರ ಅದು ಓಡೋದು. ಜೊತೆಗೆ ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ ಅಂತ ಜನ ಬರ್ತಾನೇ ಇರ್ತಾರೆ. ಎರಡು ಮಷೀನಿಗೆ ಸದ್ಯ ದುಡ್ಡಿಲ್ಲ. ಏನು ಮಾಡ್ಲಿ?

ಹುಬ್ಬಳ್ಳಿ ಚಿಪ್‌ಲೆವೆಲ್

ಸರ, ಆ ಬೋರ್ಡಿನ ಮ್ಯಾಲೆ 7 ಹಾಕೋದು ಮರ್ತಬಿಡ್ರಿ. ನಿಮಗ ಬೇಕೋ ಬ್ಯಾಡೋ ಅನ್ನೋ ಮಾತೇ ಇಲ್ಲ ಇಲ್ಲಿ, ಅದು ಕೂಡೋದೇ ಇಲ್ಲ.

7ರ ಡಿವಿಡಿಯೊಳಗ ಯುಎಸ್‌ಬಿ 3ರ ಡ್ರೈವರ್ ಇಲ್ಲ. ಸೆಟಪ್ ಶುರು ಆದ ಕೂಡಲೇ ಕೀಬೋರ್ಡ್, ಮೌಸ್ ಎರಡೂ ಸುಮ್ಮನ ಕೂಡ್ತಾವ. ಎನ್‌ವಿಎಂಇ ಡಿಸ್ಕೂ ಅದಕ್ಕ ಕಾಣಂಗಿಲ್ಲ. ಡ್ರೈವರ್ ತುರುಕಿ ಬ್ಯಾರೆ ಪೆನ್‌ಡ್ರೈವ್ ಮಾಡೋರು ಅದಾರ, ನಾನೂ ಮಾಡಿ ಕೊಟ್ಟೀನಿ. ಆದ್ರ ಮುಂದಿನ ಗೋಡಿ ದೊಡ್ಡದು. 7ಕ್ಕ ಬೂಟ್ ಆಗಾಕ ಹಳೇ ನಮೂನಿ ಬಯಾಸ್, ಅಂದ್ರ ಸಿಎಸ್‌ಎಂ ಬೇಕು. ನಿಮ್ಮ ಐ3 12ನೇ ಜನರೇಶನ್ನಿಂದು, ಅದರ ಆನ್‌ಬೋರ್ಡ್ ಗ್ರಾಫಿಕ್ಸ್ ಮ್ಯಾಲೆ ಸಿಎಸ್‌ಎಂ ನಡಿಯಂಗಿಲ್ಲ. ಇಂಟೆಲ್‌ನವ್ರು ಆ ಗ್ರಾಫಿಕ್ಸಿಗೆ 7ರ ಡ್ರೈವರ್ ಕೊಟ್ಟೂ ಇಲ್ಲ. 7ನೇ ಜನರೇಶನ್ ಪ್ರೊಸೆಸರ್ ಬಂದಾಗಲೇ ಮೈಕ್ರೋಸಾಫ್ಟ್ "ಇನ್ನ ಮ್ಯಾಲೆ 10 ಅಷ್ಟ" ಅಂತ ಹೇಳಿಬಿಟ್ಟಿತ್ತು.

ಕೆಲವ್ರು 32 ಬಿಟ್ ವಿಂಡೋಸ್ 10 ಹಾಕ್ರಿ ಅಂತಾರ. ಅದಕ್ಕೂ ಇಂಥಾ ಬೋರ್ಡಿನಾಗ ಸಿಎಸ್‌ಎಂ ಬೇಕ್ರಿ. ಅಲ್ಲೂ ಅದೇ ಗೋಡಿ. ಇನ್ನ 11ರಾಗ 32 ಬಿಟ್ ಅನ್ನೋದೇ ಇಲ್ಲ.

ಸಾಗರದ ಡಿಟಿಪಿ

ಅಂದ್ರೆ ಭಟ್ರ ಸಲಹೆ ಅಲ್ಲಿಗೆ ಮುಗೀತು. ಹಾಗಾದ್ರೆ 64 ಬಿಟ್ ವಿಂಡೋಸ್ 10? ಅದು ಮಧ್ಯದ ದಾರಿ ಆಗಲ್ವ?

ಮೊಳೆ ಜೋಡಿಸಿದವ

ಮಧ್ಯದ ದಾರಿ ಅನ್ನಿಸುತ್ತೆ, ಆದರೆ ಅದರಿಂದ ನಿಮಗೆ ಸಿಗೋ ಲಾಭ ಏನು? 64 ಬಿಟ್ 10ರಲ್ಲಿ ಪೇಜ್‌ಮೇಕರ್ ಏನೇನು ತಂಟೆ ಮಾಡುತ್ತೋ 11ರಲ್ಲೂ ಅದನ್ನೇ ಮಾಡುತ್ತೆ. 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಮನೆ ಬಳಕೆಯವರಿಗೆ ಅಂತ ಕೊಟ್ಟ ವಿಸ್ತರಣೆ ಕೂಡ 2026ರ ಅಕ್ಟೋಬರ್ 13ರವರೆಗೆ ಮಾತ್ರ. ಹೊಸ ಮಷೀನಿಗೆ ಕೈಯಾರೆ ಅದನ್ನು ಹಾಕಿಸೋದು ಯಾಕೆ? ನಿಮ್ಮ ಮಗಳು ಹೇಳಿದ್ದೂ ಸರಿ. 7ರ ಅಪ್‌ಡೇಟ್ ನಿಂತಿದ್ದು 2020ರ ಜನವರಿಯಲ್ಲಿ, ಕ್ರೋಮ್ ಅದರಲ್ಲಿ 109ನೇ ಆವೃತ್ತಿಗೇ ನಿಂತುಹೋಯಿತು. ಊರಿನವರ ಆಧಾರ್, ಓಟಿಪಿ ಎಲ್ಲ ಆ ಬ್ರೌಸರಿನಲ್ಲಿ ಹಾಕೋದು ಬೇಡ.

ಮೈಸೂರಿನ ಒಂದು ಪ್ರಕಾಶನದಲ್ಲಿ ಪುಟ ಕಟ್ಟುವುದು ನನ್ನ ಕೆಲಸ. ವಿಂಡೋಸ್ 11ರಲ್ಲೇ ಪೇಜ್‌ಮೇಕರ್ 7 ಓಡಿಸ್ತಾ ಇದ್ದೀನಿ. ಅದು 2001ರ ಪ್ರೋಗ್ರಾಂ ಆದರೂ 32 ಬಿಟ್‌ನದ್ದು, ಹಾಗಾಗಿ ಓಡುತ್ತೆ. ಪ್ರೋಗ್ರಾಂ ಫೈಲ್ಸ್ ಒಳಗೆ ಮಾತ್ರ ಹಾಕಬೇಡಿ. ಸಿ ಡ್ರೈವಿನಲ್ಲಿ ಬೇರೆ ಫೋಲ್ಡರ್ ಮಾಡಿ ಅಲ್ಲಿಗೆ ಇನ್‌ಸ್ಟಾಲ್ ಮಾಡಿ, ಇಲ್ಲದಿದ್ರೆ ತನ್ನ ಸೆಟ್ಟಿಂಗನ್ನು ತಾನೇ ಬರೆದುಕೊಳ್ಳೋಕೆ ಆಗದೆ ಒದ್ದಾಡುತ್ತೆ.

ಇನ್ನೊಂದು ವಿಷಯಕ್ಕೆ ತುಂಬಾ ಜನ ತಲೆ ಕೆಡಿಸಿಕೊಳ್ತಾರೆ. "ವರ್ಡಿನಲ್ಲಿ ನುಡಿ ಬರುತ್ತೆ, ಪೇಜ್‌ಮೇಕರಿನಲ್ಲಿ ಇಂಗ್ಲಿಷೇ ಬೀಳುತ್ತೆ" ಅಂತ. ಪೇಜ್‌ಮೇಕರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನುಡಿಯನ್ನು ಮಾಮೂಲಾಗಿ ತೆರೆದರೆ ಹೀಗಾಗುತ್ತೆ. ಕೆಳಗಿನ ಅಧಿಕಾರದ ಪ್ರೋಗ್ರಾಂ ಮೇಲಿನ ಅಧಿಕಾರದ್ದಕ್ಕೆ ಅಕ್ಷರ ಕಳಿಸೋಕೆ ವಿಂಡೋಸ್ ಬಿಡಲ್ಲ, ವಿಸ್ಟಾ ಕಾಲದಿಂದಲೂ ಹೀಗೇ. ಎರಡನ್ನೂ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಿರಿ, ಬರುತ್ತೆ.

ಪ್ರಿಂಟರ್ ಮೊದಲು, ಪೇಜ್‌ಮೇಕರ್ ಆಮೇಲೆ. ಅದು ಪುಟ ಜೋಡಿಸೋದೇ ಪ್ರಿಂಟರ್ ನೋಡಿಕೊಂಡು. ಹಳೇ ಫೈಲನ್ನು ಬೇರೆ ಪ್ರಿಂಟರಿಗೆ ಹೊಂದಿಸಿ ತೆರೆದರೆ ಸಾಲು ಒಡೆಯುವ ಜಾಗ ಬದಲಾಗಬಹುದು. ಜಮಾ-ಖರ್ಚು ಪಟ್ಟಿಯಲ್ಲಿ ಒಂದು ಸಾಲು ಕೆಳಗಿಳಿದರೆ ಸೊಸೈಟಿ ಅಧ್ಯಕ್ಷರ ಮುಖ ಹೇಗಾಗುತ್ತೆ ಅಂತ ನಿಮಗೇ ಗೊತ್ತು. ಎಲ್‌ಬಿಪಿ 2900ಕ್ಕೆ 64 ಬಿಟ್ ಡ್ರೈವರ್ ಇದೆ, ನಮ್ಮಲ್ಲಿ 11ರ ಮೇಲೆ ನಡೀತಿದೆ.

ನಿಮಗೆ ನಿಜವಾಗಿ ಕಾಡೋದು ಡಾಂಗಲ್. ಅದರ ಡ್ರೈವರ್ 64 ಬಿಟ್‌ನದ್ದು ಇರಬೇಕು. ಇದ್ದರೂ ಹಳೆಯದಾಗಿದ್ದರೆ 11ರ 'ಮೆಮೊರಿ ಇಂಟೆಗ್ರಿಟಿ' ಅದನ್ನು ತಡೆಯಬಹುದು. ಆ ರಕ್ಷಣೆ ಆಫ್ ಮಾಡಿ ಅಂತ ಹೇಳೋರು ಸಿಗ್ತಾರೆ, ನಾನು ಹೇಳಲ್ಲ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ಓಡಿಸೋ ವರ್ಚುವಲ್‌ಬಾಕ್ಸ್ ಅನ್ನೋ ಪ್ರೋಗ್ರಾಂ ಪುಕ್ಕಟೆ ಸಿಗುತ್ತೆ. 11ರ ಒಳಗೆ ಅದರಲ್ಲಿ ನಿಮ್ಮ 32 ಬಿಟ್ ವಿಂಡೋಸ್ 7 ಹಾಕಿ, ಡಾಂಗಲನ್ನು ಅದರೊಳಕ್ಕೆ ಜೋಡಿಸಿ, ಅದಕ್ಕೆ ಇಂಟರ್ನೆಟ್ ಕೊಡಬೇಡಿ. ಫೈಲು ಆಚೀಚೆ ಮಾಡೋಕೆ ಒಂದು ಶೇರ್ಡ್ ಫೋಲ್ಡರ್ ಸಾಕು. ರ್‍ಯಾಮ್ ಮಾತ್ರ 16 ಜಿಬಿ ಮಾಡಿಸಿ.

ಪೆಂಗ್ವಿನ್ ಪಕ್ಷಪಾತಿ

ವಿಂಡೋಸೇ ಯಾಕೆ ಬೇಕು? ಉಬುಂಟು ಲಿನಕ್ಸ್ 24.04 ಹಾಕಿ, 2029ರವರೆಗೆ ಅಪ್‌ಡೇಟ್ ಇದೆ. ಅದರ ಟೈಪಿಂಗ್ ಸೌಲಭ್ಯ ಐಬಸ್‌ನಲ್ಲಿ ನುಡಿಯದೇ ಕಗಪ ಕೀಲಿಮಣೆ ಸಿಗುತ್ತೆ, ಪುಟ ಕಟ್ಟೋಕೆ ಸ್ಕ್ರೈಬಸ್ ಇದೆ. ಪೇಜ್‌ಮೇಕರ್ ಫೈಲುಗಳನ್ನು ಲಿಬ್ರೆಆಫೀಸ್ ಕೂಡ ತೆರೆಯುತ್ತೆ.

ಮೊಳೆ ಜೋಡಿಸಿದವ

ತೆರೆಯುತ್ತೆ, ನಾನೂ ನೋಡಿದ್ದೀನಿ. ಪಠ್ಯ ಹೊರಗೆ ತೆಗೆಯೋಕೆ ಸಾಕು, ಪುಟವಿನ್ಯಾಸ ಅಷ್ಟಕ್ಕಷ್ಟೆ. ಆ ಪಠ್ಯವೂ ಹಳೇ ನುಡಿ ಸಂಕೇತದಲ್ಲಿರುತ್ತೆ, ಈಗ ಫೋನು, ನೆಟ್ಟಲ್ಲೆಲ್ಲ ನಡೆಯೋ ಯೂನಿಕೋಡ್ ಸಂಕೇತಕ್ಕೆ ಬದಲಾಯಿಸದೆ ಫಾಂಟ್ ಬದಲಿಸಿದರೆ ಕಲಸುಮೇಲೋಗರ. ಎಲ್‌ಬಿಪಿ 2900 ಲಿನಕ್ಸಿನಲ್ಲಿ ಎಷ್ಟು ಗೋಳಾಡಿಸುತ್ತೆ ಅನ್ನೋದನ್ನು ನೀವು ಹೇಳಲೇ ಇಲ್ಲ.

ಪೆಂಗ್ವಿನ್ ಪಕ್ಷಪಾತಿ

ಆ ಪ್ರಿಂಟರ್ ವಿಷಯದಲ್ಲಿ ಶರಣು. ಆದರೆ ಹೊಸ ಕೆಲಸವನ್ನಾದರೂ ಯೂನಿಕೋಡಿನಲ್ಲಿ ಶುರು ಮಾಡಿ ಸಾರ್. ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತೇ ಇಲ್ಲ. ನಾಳೆ ಯಾವುದೋ ಶಾಲೆಯವರು ಪ್ರಶ್ನೆಪತ್ರಿಕೆಯನ್ನು ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿದರೆ ಅದನ್ನು ನೀವು ಮತ್ತೆ ಕುಟ್ಟಬೇಕು.

ಎಸ್.ಪಿ. ರೋಡ್ ಗಿರಾಕಿ

ವರ್ಚುವಲ್ ಗಿರ್ಚುವಲ್ ಎಲ್ಲ ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗ ತಲೆನೋವು. ದುಡ್ಡು ಕೂಡಿದಾಗ ನಾಲ್ಕನೇ ಜನರೇಶನ್ನಿನ ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಮಷೀನ್ ತನ್ನಿ. ಅದರಲ್ಲಿ 7 ಆರಾಮಾಗಿ ಕೂರುತ್ತೆ. ನೆಟ್ ಕೇಬಲ್ ಕಿತ್ತಿಟ್ಟು ಹಳೇ ಕೆಲಸಕ್ಕೆ ಮಾತ್ರ ಇಟ್ಕೊಳ್ಳಿ.

ಸಾಗರದ ಡಿಟಿಪಿ

ಎಲ್ರಿಗೂ ಥ್ಯಾಂಕ್ಸ್. ವಿಂಡೋಸ್ 11 ಹಾಕಿಸೋದು ಅಂತ ತೀರ್ಮಾನ ಮಾಡಿದೆ. ಭಟ್ರಿಗೆ ಹೇಳಿದ್ದಕ್ಕೆ "ನಿನ್ ಹಣೆಬರ" ಅಂದ್ರು. ಆದ್ರೆ ಪೇಜ್‌ಮೇಕರ್ ಓಡಿದ್ರೆ ಒಂದ್ಸಲ ಬಂದು ನೋಡ್ತಾರಂತೆ. ಫಾಂಟ್ ಕಂಪನಿಗೆ ಫೋನ್ ಮಾಡಿದ್ರೆ ಡಾಂಗಲ್ ಬಿಟ್ಟು ಹೊಸ ಆವೃತ್ತಿ ಕೊಂಡ್ಕೊಳ್ಳಿ ಅಂತಾರೆ, ಸದ್ಯ ಅದಾಗಲ್ಲ. ಹಾಗಾಗಿ ಡಾಂಗಲ್ಲಿಗೆ ವರ್ಚುವಲ್‌ಬಾಕ್ಸ್, ಉಳಿದದ್ದೆಲ್ಲ ನೇರ 11ರಲ್ಲಿ. ಪ್ರಶ್ನೆಪತ್ರಿಕೆಗಳನ್ನ ಈ ವರ್ಷದಿಂದ ಯೂನಿಕೋಡಲ್ಲಿ ಮಾಡಿ ನೋಡ್ತೀನಿ. ಲಗ್ನಪತ್ರಿಕೆಗೆ ಮಾತ್ರ ಹಳೇ ಫಾಂಟಿನ ಚಂದ ಬೇರೇನೇ, ಅದನ್ನ ಬಿಡಲ್ಲ.

ಹುಬ್ಬಳ್ಳಿಯವರಿಗೊಂದು ಪ್ರಶ್ನೆ: 16 ಜಿಬಿ ಒಂದೇ ಕಡ್ಡಿ ಹಾಕಿಸಲೋ, 8ರದ್ದು ಎರಡೋ?

ಹುಬ್ಬಳ್ಳಿ ಚಿಪ್‌ಲೆವೆಲ್

8ರದ್ದು ಎರಡು ಹಾಕ್ರಿ ಸರ. ಗ್ರಾಫಿಕ್ಸ್ ಆನ್‌ಬೋರ್ಡ್ ಅದ, ಡ್ಯುಯಲ್ ಚಾನೆಲ್ ಇದ್ರ ಅದಕ್ಕ ಚಲೋ. ಬೋರ್ಡ್ ಡಿಡಿಆರ್4ದೋ 5ದೋ ಬಿಲ್ ಮಾಡಿಸೋ ಮೊದಲ ನೋಡ್ಕೋರಿ, ಎಚ್610ದಾಗ ಎರಡೂ ನಮೂನಿ ಬರ್ತಾವ.