ಹಣ್ಣಿನೊಳಗಿನ 'ರಾಸಾಯನಿಕ'ಕ್ಕೆ ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಸಕ್ಕರೆ ಕಾಯಿಲೆ ಇರುವವರು ತಿನ್ನಬಹುದಾದ ಹಣ್ಣುಗಳ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಫೈಟೋಕೆಮಿಕಲ್ (ಗಿಡದಲ್ಲಿ ತಾನಾಗಿಯೇ ಇರುವ, ಬಣ್ಣ, ರುಚಿ ಕೊಡುವಂಥ ವಸ್ತು) ಬಂದ ಕಡೆ 'ಸಸ್ಯರಾಸಾಯನಿಕ' ಎಂದು ಹಾಕಿ, ಸೋಮವಾರಪೇಟೆಯ ನಮ್ಮ ಅತ್ತೆಗೆ ಓದಲು ಕೊಟ್ಟೆ. ಓದಿದವರೇ ಬಟ್ಟಲಲ್ಲಿದ್ದ ನೇರಳೆ ಹಣ್ಣನ್ನು ಪಕ್ಕಕ್ಕೆ ಸರಿಸಿ, "ಇದಕ್ಕೂ ಮದ್ದು ಹೊಡೆದಿದ್ದಾರಾ?" ಅಂದರು. ಕಾಫಿ ತೋಟದ ನಡುವೆ ಬದುಕಿದವರಿಗೆ ರಾಸಾಯನಿಕ ಅಂದರೆ ಗೊಬ್ಬರ, ಇಲ್ಲವೇ ಸ್ಪ್ರೇ. ಆ ಪದ ಬಿಟ್ಟೆ.

ಅವರ ಬಾಯಲ್ಲಿ ಬಂದ 'ಮದ್ದು' ಹೇಗೆ? ಕೊಡಗಿನ ಕಕ್ಕಡ ತಿಂಗಳ 18ರಂದು ಮದ್ದು ಸೊಪ್ಪಿನ ಪಾಯಸ ಮಾಡುವ ಸೀಮೆ ಇದು. ಸೊಪ್ಪು ಕುದಿಸಿದ ನೀರು ಗಾಢ ನೇರಳೆಗೆ ತಿರುಗುವುದನ್ನು ನೋಡಿದವರಿಗೆ ಗಿಡದೊಳಗೆ ಏನೋ ಇದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹಣ್ಣನ್ನು ಮದ್ದು ಅಂದರೆ ಮಾತ್ರೆ ಬಿಟ್ಟುಬಿಡುವವರಿದ್ದಾರೆ. ನನಗೆ ಅದೇ ಭಯ.

ಮನಸ್ಸಿಗೆ ಹಿಡಿಸಿದ ಪದ 'ಒಗರು'. ನೇರಳೆ ತಿಂದಾಗ ನಾಲಿಗೆ ಬಿಗಿಯುತ್ತದಲ್ಲ, ಅದು ಟ್ಯಾನಿನ್ ಕೆಲಸ. ಟ್ಯಾನಿನ್ ಪಾಲಿಫಿನಾಲ್ ಎಂಬ ಫೈಟೋಕೆಮಿಕಲ್ ಗುಂಪಿನದು. ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಕಿಣ್ವಗಳನ್ನು ಈ ಗುಂಪಿನ ಹಲವು ವಸ್ತುಗಳು ನಿಧಾನ ಮಾಡುವುದು ಲ್ಯಾಬಿನಲ್ಲಿ ಕಂಡಿದೆ. ಹಾಗಾಗಿ ಒಗರು ಅಂದರೆ ವಿಷಯಕ್ಕೆ ತುಂಬ ಹತ್ತಿರ. ಆದರೆ ಅದೇ ನೇರಳೆಯ ಬಣ್ಣ ಆಂಥೋಸಯಾನಿನ್‌ನಿಂದ ಬಂದದ್ದು. ಚಕ್ಕೋತದ ಕಹಿಗೆ ನರಿಂಜಿನ್ ಕಾರಣ. ಇವೂ ಪಾಲಿಫಿನಾಲ್‌ಗಳೇ. ಒಂದನ್ನು ಕಣ್ಣು ಹಿಡಿಯುತ್ತದೆ, ಇನ್ನೊಂದನ್ನು ಕಹಿ ಅನ್ನುತ್ತೇವೆ. ಒಗರಿನೊಳಗೆ ಎರಡೂ ಸೇರುವುದಿಲ್ಲ.

ಸದ್ಯಕ್ಕೆ 'ಗಿಡದಂಶ' ಎಂದು ಬರೆದಿದ್ದೇನೆ. ಸಕ್ಕರೆ ಅಂಶ, ನಾರಿನಂಶ ಎಲ್ಲರೂ ಆಡುವ ಮಾತು, ಅದರ ಸಾಲಿಗೆ ಇದೂ ಕೂರುತ್ತದೆ ಅನಿಸಿತು. ಅತ್ತೆಗೆ ಅರ್ಥವಾಯಿತು, ಆದರೆ "ಎಲೆಯದ್ದಾ, ಹಣ್ಣಿನದ್ದಾ?" ಎಂದು ಕೇಳಿದರು. 'ಸತ್ವ' ಬೇಡ, ಜನ ವಿಟಮಿನ್ ಅಂದುಕೊಳ್ಳುತ್ತಾರೆ.

ಹಾಗೇ, 'ಮಧುಮೇಹ ನಿರ್ವಹಣೆ' ತೆಗೆದು 'ಸಕ್ಕರೆ ಹತೋಟಿ' ಮಾಡಿದ್ದೇನೆ. ನಿರ್ವಹಣೆ ಅಂದರೆ ಇಲ್ಲಿ ತೋಟ ನೋಡಿಕೊಳ್ಳುವುದು. 'ಗುಣವಾಗುತ್ತದೆ' ಅನ್ನುವುದಂತೂ ಸುಳ್ಳಾಗುತ್ತದೆ.

ಒಗರು, ಕಹಿ, ಬಣ್ಣ ಮೂರನ್ನೂ ಒಟ್ಟಿಗೆ ಹಿಡಿಯುವ ಮಾತು ನಿಮ್ಮ ಕಡೆ ಇದ್ದರೆ ದಯವಿಟ್ಟು ತಿಳಿಸಿ. ಅಚ್ಚಿಗೆ ಕೊಡುವ ಮೊದಲು ಅತ್ತೆಗೆ ಇನ್ನೊಮ್ಮೆ ಓದಿಸಬೇಕು.