ವಸ್ತುಸಂಗ್ರಹಾಲಯಗಳ ಜಾಲತಾಣಕ್ಕೆ ಪ್ರಶಸ್ತಿ: ಅಂಕ ಕೊಡುವುದು ಹೇಗೆ?

ವಿರಾಜಪೇಟೆ ಮೇಷ್ಟರು:
ವಸ್ತುಸಂಗ್ರಹಾಲಯಗಳ ಜಾಲತಾಣಗಳಿಗೆ ಕೊಡುವ ಪ್ರಶಸ್ತಿಯೊಂದಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದಾರೆ. ನಾನು ಇತಿಹಾಸ ಪಾಠ ಮಾಡಿದವನು, ತಂತ್ರಜ್ಞನಲ್ಲ. ಅಂಕಪಟ್ಟಿ ಬಂದಿದೆ: ವಿನ್ಯಾಸ, ಹೊಸತನ, ಮಾಹಿತಿ, ತಲಾ ಹತ್ತು. ಮೂವರು ಕೊಟ್ಟದ್ದನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಮುಗಿಯಿತಂತೆ. ಹೊಸತನಕ್ಕೆ ಆರೋ ಏಳೋ ಎಂದು ಯಾವ ದೇವರನ್ನು ಕೇಳಲಿ?

ಮಡಿಕೇರಿ ಕೋಟೆಯೊಳಗೆ, ಹಳೆಯ ಚರ್ಚ್ ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೊರಟವರು ನನ್ನನ್ನು ಕೇಳುವುದು ಎರಡೇ: ಯಾವ ದಿನ ರಜೆ, ಒಳಗೆ ಏನಿದೆ. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಲ್ಲಿ ಸ್ಮಾರಕ ಸಂಗ್ರಹಾಲಯವಾದ ಮೇಲೆ ಅದರ ಬಗ್ಗೆಯೂ ಇದೇ ಪ್ರಶ್ನೆ. ಇದಕ್ಕೆ ಉತ್ತರ ಕೊಡದ ತಾಣ ಎಷ್ಟು ಥಳಥಳಿಸಿದರೇನು? ‘ಮ್ಯೂಸಿಯಮ್ಸ್ ಅಂಡ್ ದ ವೆಬ್’ ಸಮ್ಮೇಳನದವರು 1997ರಲ್ಲೇ ಇಂಥ ಪ್ರಶಸ್ತಿ ಆರಂಭಿಸಿದ್ದರು, ಅಂದರೆ ಇದು ಹೊಸ ತಲೆನೋವಲ್ಲ. ಬಲ್ಲವರು ಹೇಳಿ.

ಕುಶಾಲನಗರದ ವೆಬ್ ಕೆಲಸಗಾರ:
ಸರ್, ಸರಾಸರಿಯೇ ಮೊದಲ ತೊಂದರೆ. ಒಬ್ಬರು ಎಲ್ಲರಿಗೂ ಎಂಟು, ಒಂಬತ್ತು ಕೊಡುವ ಧಾರಾಳಿ. ಇನ್ನೊಬ್ಬರು ಮೂರರಿಂದ ಒಂಬತ್ತರವರೆಗೆ ಹರಡಿ ಕೊಡುವವರು. ಆಗ ಗೆಲ್ಲುವವರನ್ನು ಆರಿಸುವುದು ಹೆಚ್ಚುಕಡಿಮೆ ಎರಡನೆಯವರೊಬ್ಬರೇ. ಸ್ಪರ್ಧೆಯಲ್ಲಿಲ್ಲದ ಒಂದು ತಾಣವನ್ನು ಮೂವರೂ ಕುಳಿತು ಅಳೆಯಿರಿ, ಏಳು ಎಂದರೆ ಏನು ಎಂದು ಮೊದಲೇ ಜಗಳವಾಡಿ ಮುಗಿಸಿ. ಬಳಿಕ ತಾಣಗಳನ್ನು ಎರಡೆರಡಾಗಿ ಪಕ್ಕದಲ್ಲಿಟ್ಟು ಯಾವುದು ಮೇಲು ಎಂದಷ್ಟೇ ತೀರ್ಮಾನಿಸಿ.

ಹೊಸತನಕ್ಕೆ ಅರ್ಧ ಅಂಕ ಸಾಕು, ಉಳಿದರ್ಧ ಬಾಳಿಕೆಗೆ ಹೋಗಲಿ. ಒಂದು ಕಾಲದಲ್ಲಿ, ಪುಟದ ಚಿತ್ರಗಳನ್ನು ಚಲಿಸುವಂತೆ ಮಾಡುವ ತಂತ್ರಾಂಶವಾದ ಫ್ಲ್ಯಾಶ್‌ನಲ್ಲಿ ಕುಣಿಯುವ ತಾಣಗಳೆಂದರೆ ಎಲ್ಲರಿಗೂ ಬೆರಗು. 2020ರ ಕೊನೆಗೆ ಅದರ ಒಡೆಯ ಅಡೋಬಿ ಕಂಪನಿ ಅದನ್ನು ಕೈಬಿಟ್ಟಿತು. ಬೇರೆ ತಂತ್ರಕ್ಕೆ ಬದಲಿಸದ ಪುಟಗಳು ಈಗ ಬ್ರೌಸರ್‌ನಲ್ಲಿ ತೆರೆಯುವುದೇ ಇಲ್ಲ.

ಮಡಿಕೇರಿಯ ಕೇಳುಗಿ:
ನನಗೆ ಕಣ್ಣು ಕಾಣುವುದಿಲ್ಲ, ಎನ್‌ವಿಡಿಎ ತಂತ್ರಾಂಶ ಪರದೆಯನ್ನು ಓದಿ ಹೇಳುತ್ತದೆ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಚಿತ್ರಕ್ಕೆ ವಿವರಣೆ ಬರೆದಿರದಿದ್ದರೆ ಅದರ ಹಿಡಿ, ಒರೆ, ಬೆಳ್ಳಿಯ ಕೆಲಸ ಯಾವುದೂ ನನಗಿಲ್ಲ. ಬಹಳವೆಂದರೆ ಕಡತದ ಹೆಸರು ಕೇಳುತ್ತದೆ. ದಯವಿಟ್ಟು ಇದಕ್ಕೆಂದು ಇನ್ನೊಂದು ಹತ್ತು ಅಂಕ ಸೇರಿಸಬೇಡಿ, ಮೇಷ್ಟರೇ. ಇಲ್ಲಿ ಸೊನ್ನೆ ಪಡೆದವರು ವಿನ್ಯಾಸದಲ್ಲಿ ಒಂಬತ್ತು ಗಳಿಸಿ ಪಾರಾಗುತ್ತಾರೆ. ಇದು ಪ್ರವೇಶದ ಅರ್ಹತೆಯಾಗಲಿ. ಅಂಗವಿಕಲರಿಗೂ ಜಾಲತಾಣ ಬಳಸಲು ಬರುವಂತಿರಬೇಕೆನ್ನುವ ಡಬ್ಲ್ಯುಸಿಎಜಿ ನಿಯಮದ ಮೂರು ಮಟ್ಟಗಳಲ್ಲಿ ನಡುವಿನದಾದ ‘ಎಎ’ ಮುಟ್ಟದ ತಾಣ ಸ್ಪರ್ಧೆಗೇ ಬೇಡ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸವಿರಬೇಕೆಂದು ಅದು ಹೇಳುತ್ತದೆ. ತಿಳಿಬೂದು ಅಕ್ಷರವನ್ನು ಸೊಗಸೆನ್ನುವವರಿಗೆ ಅಲ್ಲೇ ಉತ್ತರವಿದೆ. ತೀರ್ಪುಗಾರರಲ್ಲಿ ನನ್ನಂಥವರೂ ಒಬ್ಬರಿರಲಿ, ಸಲಹೆಗಲ್ಲ, ಅಂಕ ಕೊಡುವುದಕ್ಕೆ.

ವಿರಾಜಪೇಟೆ ಮೇಷ್ಟರು:
ಅಮ್ಮಾ, ನಿಮ್ಮ ಮಾತನ್ನು ಹಾಗೆಯೇ ಬರೆದು ಕಳುಹಿಸುತ್ತೇನೆ.

ಕುಶಾಲನಗರದವರ ಜೋಡಿ ಲೆಕ್ಕ ಮಾತ್ರ ಪೂರ್ತಿ ಆಗದು. ಇಪ್ಪತ್ತು ತಾಣ ಬಂದರೆ 190 ಜೋಡಿ, ಅದೂ ಕಾಫಿ ಕೊಯ್ಲಿನ ದಿನಗಳಲ್ಲಿ! ಕೊನೆಗುಳಿದ ಐದಕ್ಕಾದರೆ ಹತ್ತೇ ಜೋಡಿ, ಅಷ್ಟು ಮಾಡೋಣ. ಅದಕ್ಕೂ ಮೊದಲು ಪ್ರತಿ ತಾಣಕ್ಕೂ ಕೆಲವು ಕೆಲಸ ಒಡ್ಡುತ್ತೇನೆ: ರಜಾದಿನ ಹುಡುಕುವುದು, ಒಂದು ವೀರಗಲ್ಲು ಎಲ್ಲಿ ಸಿಕ್ಕಿತೆಂದು ತಿಳಿಯುವುದು, ಅದರ ಚಿತ್ರವನ್ನು ವಿದ್ಯಾರ್ಥಿಯ ಪ್ರಬಂಧಕ್ಕೆ ಬಳಸಬಹುದೇ ಎಂದು ನೋಡುವುದು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರಲ್ಲಿ ಹಕ್ಕುಸ್ವಾಮ್ಯವಿಲ್ಲದ ತನ್ನ ಕೃತಿಗಳ ಲಕ್ಷಗಟ್ಟಲೆ ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿತು. ಚಿತ್ರದ ಮೇಲೆ ದಪ್ಪ ಮುದ್ರೆ ಒತ್ತಿ ಕೂರುವವರು ಅದನ್ನೊಮ್ಮೆ ನೋಡಲಿ.

ಇದೆಲ್ಲ ನಡೆಯಬೇಕಾದದ್ದು ಸಭಾಂಗಣದ ದೊಡ್ಡ ಪರದೆಯ ಮೇಲಲ್ಲ, ತೋಟದ ಮನೆಯಲ್ಲಿ ಸಿಗ್ನಲ್‌ಗಾಗಿ ಅಂಗಳಕ್ಕೆ ಬಂದು ನಿಲ್ಲುವವನ ಮೊಬೈಲ್‌ನಲ್ಲಿ. ಆಯೋಜಕರು ಒಪ್ಪಿದರೆ ಸರಿ. ಒಪ್ಪದಿದ್ದರೆ ಭಾಗಾಕಾರ ಬಲ್ಲ ಬೇರೆ ಯಾರನ್ನಾದರೂ ಕರೆಯಲಿ.