ಕಲ್ಯಾಣಪುರದಲ್ಲಿ ಎರಡು ಬಾಗಿಲಿನ ಹಳೇ ಕಾರು ಉಂಟು, ಯಾವುದು ಹೇಳಿ

ಪಡುಕರೆ_ಹುಡುಗ:
ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರ ಸಂತೆಕಟ್ಟೆಯಿಂದ ಕಲ್ಯಾಣಪುರದ ಕಡೆ ಹೋಗುವಾಗ ಒಂದು ಹಳೇ ಮನೆಯ ಪಕ್ಕ, ಶೀಟಿನ ಮಾಡಿನ ಕೆಳಗೆ ಒಂದು ಕಾರು ನೋಡಿದೆ. ಅಂಬಾಸಿಡರ್ ಅಲ್ಲ, ಫಿಯಟ್ ಅಲ್ಲ. ಎರಡೇ ಬಾಗಿಲು. ಹಿಂದೆ ಎರಡೂ ಕಡೆ ಸಣ್ಣ ರೆಕ್ಕೆಯ ಹಾಗೆ ಚೂಪಾಗಿದೆ. ಬಾಗಿಲಿನ ಮುಂದೆ, ಮುಂದಿನ ಚಕ್ರದ ಹಿಂದೆ, ಎರಡೂ ಬದಿಗೆ ಒಂದೊಂದು ಸಣ್ಣ ಹಿಡಿ ಉಂಟು, ಅದು ಯಾಕೆ ಅಂತ ಗೊತ್ತಾಗಲಿಲ್ಲ. ಒಳಗೆ ಇಣುಕಿ ನೋಡಿದರೆ ಗೇರ್ ಕೆಳಗೆ ಇದೆ. ನಂಬರ್ ಪ್ಲೇಟ್ "ಎಂವೈ" ಅಂತ ಶುರುವಾಗುತ್ತದೆ, ಪೂರ್ತಿ ನಂಬರ್ ಇಲ್ಲಿ ಹಾಕುವುದಿಲ್ಲ.

ಮನೆಯ ಅಮ್ಮ ತುಂಬಾ ಒಳ್ಳೆಯವರು, ಕರೆದು ಬೆಲ್ಲ ನೀರು ಕೊಟ್ಟರು. ಗಂಡನ ಕಾರಂತೆ. ಮಕ್ಕಳು ಗುಜರಿಗೆ ಕೊಡುವ ಮಾತಾಡುತ್ತಿದ್ದಾರೆ, ಅವರಿಗೆ ಮನಸ್ಸಿಲ್ಲ. ನನಗಂತೂ ಕೇಳಿದ ಮೇಲೆ ನಿದ್ದೆ ಬರಲಿಲ್ಲ. ಇದು ಯಾವ ಕಾರು? ಉಳಿಸಲು ಆಗುತ್ತದಾ? ಮತ್ತೆ ನಿಮ್ಮ ಊರಿನ ಹಳೇ ಕಾರುಗಳ ನೆನಪು ಇದ್ದರೆ ಅದನ್ನೂ ಬರೆಯಿರಿ.

ಕದ್ರಿ_ಗ್ಯಾರೇಜ್:
ಆ ಹಿಡಿ ಹೇಳಿದ ಕೂಡಲೇ ಗೊತ್ತಾಯಿತು. ಸ್ಟ್ಯಾಂಡರ್ಡ್ ಹೆರಾಲ್ಡ್ ಮಾರಾಯ್ರೆ! ಅದು ಬಾನೆಟ್ಟಿನ ಲಾಕ್. ಎರಡೂ ಕಡೆ ಬಿಚ್ಚಿ ಎತ್ತಿದರೆ ಮಡ್‌ಗಾರ್ಡ್, ಲೈಟು, ಗ್ರಿಲ್ ಎಲ್ಲ ಸೇರಿ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಚಕ್ರದ ಮೇಲೆ ಕೂತುಕೊಂಡು ಎಂಜಿನ್ ಕೆಲಸ ಮಾಡಬಹುದು, ಬೇರೆ ಯಾವ ಕಾರಿನಲ್ಲೂ ಆ ಸುಖ ಇಲ್ಲ.

ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ ಇದು, ಇಟಲಿಯ ಮಿಕೆಲೊಟ್ಟಿ ಡಿಸೈನ್ ಮಾಡಿದ್ದು. ನಮ್ಮಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ನವರು 1961ರಿಂದ ಮಾಡಿದರು. ಎಂಜಿನ್ 948 ಸಿಸಿ. ನಾಲ್ಕು ಬಾಗಿಲಿನದು ಆಮೇಲೆ ಬಂತು, ಹಾಗಾಗಿ ನೀವು ನೋಡಿದ್ದು ಹಳೆಯದೇ. 70ರ ದಶಕದಲ್ಲಿ ಅದೇ ಕಂಪನಿ ಗಝೆಲ್ ಅಂತ ತಂದಿತು, ಅದರಲ್ಲಿ ಈ ಮಗುಚುವ ಮೂತಿ ಇಲ್ಲ, ಸಾಮಾನ್ಯ ಬಾನೆಟ್. ಗಝೆಲ್ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ, ಹೆರಾಲ್ಡಿನ ಚಂದವೇ ಬೇರೆ.

ಮತ್ತೆ ಗೇರ್ ವಿಷಯ. ಆ ಕಾಲದ ಅಂಬಾಸಿಡರ್, ಫಿಯಟ್ ಎರಡರಲ್ಲೂ ಗೇರ್ ಸ್ಟಿಯರಿಂಗ್ ಪಕ್ಕದಲ್ಲೇ, ಹೆರಾಲ್ಡಿನಲ್ಲಿ ಮಾತ್ರ ಕೆಳಗೆ. ಇನ್ನೊಂದು, ಚಕ್ರ ಎಷ್ಟು ತಿರುಗುತ್ತದೆ ಅಂದರೆ ಸುಮಾರು 25 ಅಡಿ ಜಾಗದಲ್ಲಿ ಪೂರ್ತಿ ಸುತ್ತು ಹಾಕುತ್ತದೆ. ಮಂಗಳೂರಿನ ಹಂಪನಕಟ್ಟೆಯ ಹಿಂದಿನ ಓಣಿಗಳಲ್ಲಿ ಈಗಿನ ಸಣ್ಣ ಕಾರುಗಳೇ ರಿವರ್ಸ್ ತೆಗೆದು ತೆಗೆದು ತಿರುಗುತ್ತವೆ, ಅಲ್ಲಿ ಹೆರಾಲ್ಡ್ ಒಂದೇ ಸಲಕ್ಕೆ ತಿರುಗುತ್ತದೆ.

ಮೂಡುಬಿದಿರೆ_ಸರ್ವಿಸ್:
ನೆನಪು ಕೇಳಿದಿರಲ್ಲ, ನನ್ನದು ಅಂಬಾಸಿಡರೇ. ನಮ್ಮ ಅಪ್ಪ ಸರ್ವಿಸ್ ಕಾರು ಓಡಿಸುತ್ತಿದ್ದರು. ಈಗಿನ ಮಕ್ಕಳಿಗೆ ಸರ್ವಿಸ್ ಕಾರು ಅಂದರೆ ಗೊತ್ತೇ ಇಲ್ಲ. ಬಸ್ಸಿನ ಹಾಗೆ ಸೀಟಿಗೆ ಇಷ್ಟು ಅಂತ ಕೊಟ್ಟು ಹತ್ತುವುದು, ತುಂಬಿದರೆ ಹೊರಡುವುದು, ತುಂಬುವ ತನಕ ಡ್ರೈವರ್ ಹೊರಗೆ ನಿಂತು ಊರಿನ ಹೆಸರು ಕೂಗುವುದು. ಮುಂದೆ ಉದ್ದ ಸೀಟು, ಗೇರ್ ಸ್ಟಿಯರಿಂಗಿನಲ್ಲಿ, ಹಾಗಾಗಿ ಕಾಲಿಗೆ ಏನೂ ಅಡ್ಡ ಇಲ್ಲ. ಮುಂದೆಯೇ ಡ್ರೈವರ್ ಬಿಟ್ಟು ಮೂರು ಜನ ಆರಾಮ. ಹಿಂದೆ ಎಷ್ಟು ಜನ ಅಂತ ಕೇಳಬೇಡಿ. ಡಿಕ್ಕಿಯಲ್ಲಿ ಬಾಳೆಗೊನೆ, ಮಲ್ಲಿಗೆಯ ಕಟ್ಟು, ಒಮ್ಮೊಮ್ಮೆ ಅಂಕಕ್ಕೆ, ಅಂದರೆ ಕಾಳಗಕ್ಕೆ, ಹೋಗುವ ಕೋಳಿ.

80ರ ಸುಮಾರಿಗೆ ಡೀಸೆಲ್ ಎಂಜಿನ್ ಬಂದ ಮೇಲೆ ಟ್ಯಾಕ್ಸಿಯವರೆಲ್ಲ ಅದಕ್ಕೇ ಹೋದರು. ಶಬ್ದ ಜೋರು, ಎಳೆಯುವುದು ನಿಧಾನ, ಆದರೆ ಖರ್ಚು ಕಡಿಮೆ. ಅಪ್ಪನಿಗೆ ಮಾತ್ರ ಪೆಟ್ರೋಲ್ ಗಾಡಿಯೇ ಇಷ್ಟ. ಆಗುಂಬೆ ಘಾಟಿಯಲ್ಲಿ ಅದರ ಜೊತೆ ಕಷ್ಟಪಟ್ಟದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಸೋಮೇಶ್ವರ ಬಿಟ್ಟು ಹತ್ತಲು ಶುರುಮಾಡಿದರೆ 14 ತಿರುವು, ಅರ್ಧ ದಾರಿಯಲ್ಲೇ ಎಂಜಿನ್ ಕಾದು, ಅದಕ್ಕೆ ಪೆಟ್ರೋಲ್ ಕಳಿಸುವ ಪಂಪಿನಲ್ಲಿ ಆವಿ ಕಟ್ಟಿ ಗಾಡಿ ಜಗ್ಗಲು ಶುರು. ಆಗ ಅಪ್ಪ ಇಳಿದು ಒದ್ದೆ ಬಟ್ಟೆ ಪಂಪಿನ ಮೇಲೆ ಹಾಕಿ, ಬಾನೆಟ್ ತೆರೆದು, ಒಂದು ಬೀಡಿ ಮುಗಿಯುವ ತನಕ ಸುಮ್ನೆ ನಿಲ್ಲುತ್ತಿದ್ದರು. ಮತ್ತೆ ಸ್ಟಾರ್ಟ್ ಮಾಡಿದರೆ ಮೇಲಿನ ತನಕ ಹೋಗುತ್ತಿತ್ತು. ಪ್ಯಾಸೆಂಜರ್ ಯಾರೂ ಗೊಣಗುತ್ತಿರಲಿಲ್ಲ, ಎಲ್ಲರಿಗೂ ಅದು ಗೊತ್ತಿದ್ದದ್ದೇ.

2014ರಲ್ಲಿ ಉತ್ತರಪಾರಾದ ಅಂಬಾಸಿಡರ್ ಕಾರ್ಖಾನೆ ನಿಂತಿತು ಅಂತ ಪೇಪರಿನಲ್ಲಿ ಬಂದಾಗ ಅಪ್ಪ ಅದನ್ನು ಎರಡು ಸಲ ಓದಿದರು.

ಮಲ್ಪೆ_ವೆಲ್ಡರ್:
ಎಲ್ಲ ಸರಿ, ಆದರೆ ಮೊದಲು ಕಾರಿನ ಅಡಿ ನೋಡಿ. ನಮ್ಮ ಕಡೆ ಹಳೇ ಕಾರುಗಳು ಎಂಜಿನ್ ಹೋಗಿ ಸಾಯುವುದಲ್ಲ, ತುಕ್ಕಿನಿಂದ ಸಾಯುವುದು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಮೇಲಿಂದ ಉಪ್ಪು ಗಾಳಿ. ಬಯಲುಸೀಮೆಯಲ್ಲಿ ಹೊಲದಲ್ಲಿ ಬಿಟ್ಟ ಫಿಯಟ್ಟಿನ ತಗಡು ಗಟ್ಟಿ ಇರುತ್ತದೆ, ಇಲ್ಲಿ ಶೆಡ್ಡಿನೊಳಗೆ ಇಟ್ಟದ್ದೂ ಉದುರುತ್ತದೆ. ಕಲ್ಯಾಣಪುರದ ಆ ಕಡೆ ಹೊಳೆ, ಅದರಾಚೆ ಕಡಲು. ಅಲ್ಲಿ ಇಷ್ಟು ವರ್ಷ ಒಂದು ಹೆರಾಲ್ಡ್ ನಿಂತಿದೆ ಅಂದರೆ ಆ ಮನೆಯವರು ಚೆನ್ನಾಗಿಯೇ ನೋಡಿಕೊಂಡಿದ್ದಾರೆ.

ಒಂದು ಸಮಾಧಾನ ಉಂಟು. ಅಂಬಾಸಿಡರ್, ಪದ್ಮಿನಿಗಳಿಗೆ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ, ಬಾಡಿಯೇ ಚಾಸಿ. ಅಡಿ ತೂತಾದರೆ ಇಡೀ ಗಾಡಿಯ ಬಲವೇ ಹೋಗುತ್ತದೆ. ಹೆರಾಲ್ಡಿಗೆ ಪ್ರತ್ಯೇಕ ಚಾಸಿ, ಬಾಡಿ ತುಂಡು ತುಂಡಾಗಿ ಬೋಲ್ಟಿನಲ್ಲಿ ಕೂತಿರುತ್ತದೆ. ಬಿಚ್ಚಬಹುದು, ಕೆಳಗಿನದನ್ನು ವೆಲ್ಡ್ ಮಾಡಬಹುದು, ಮತ್ತೆ ಕೂರಿಸಬಹುದು. ಚಾಸಿಯಿಂದ ಬದಿಗೆ ಚಾಚಿದ ತೋಳುಗಳು ಇರುತ್ತವೆ, ನೀರು ನಿಂತು ಅವೇ ಮೊದಲು ಹೋಗುವುದು. ಸಣ್ಣ ಸುತ್ತಿಗೆಯಲ್ಲಿ ಮೆಲ್ಲ ತಟ್ಟಿ ನೋಡಿ. ಟಣ್ ಅಂದರೆ ಕಬ್ಬಿಣ ಉಂಟು, ದಬ್ ಅಂದರೆ ಒಳಗೆ ಪುಡಿ. ಮೇಲಿನ ಪೈಂಟ್ ನೋಡಿ ಏನೂ ತೀರ್ಮಾನ ಮಾಡಬೇಡಿ, ಅದರಡಿ ತೂತು ಮುಚ್ಚಲು ಮೆತ್ತಿದ ಪುಟ್ಟಿ ಎಷ್ಟು ಉಂಟು ಅಂತ ಹೇಳಲು ಆಗುವುದಿಲ್ಲ. ಒಂದು ಆಯಸ್ಕಾಂತ ತೆಗೆದುಕೊಂಡು ಹೋಗಿ, ಹಿಡಿಯದ ಕಡೆಯಲ್ಲೆಲ್ಲ ಪುಟ್ಟಿ.

ತುಕ್ಕಿನ ಮಾತು ಬಂದಾಗ ನನಗೆ ಸಿಪಾನಿ ಡಾಲ್ಫಿನ್ ನೆನಪಾಗುತ್ತದೆ. ಬೆಂಗಳೂರಿನಲ್ಲೇ ಮಾಡಿದ ಕಾರು, 80ರ ದಶಕದ್ದು, ಬಾಡಿ ಪೂರ್ತಿ ಫೈಬರ್. ಕರಾವಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಅಷ್ಟರಲ್ಲಿ ಮಾರುತಿ 800 ಬಂತು, ಜನ ಆ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಈಗಲೂ ಬೇಸರ.

ಪಡುಕರೆ_ಹುಡುಗ:
ಹೆರಾಲ್ಡ್! ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮತ್ತೆ ಹೋಗಿದ್ದೆ, ಹಿಡಿಗಳು ಲಾಕೇ ಹೌದು, ಒಂದು ಬಿಗಿಯಾಗಿ ಕೂತಿದೆ, ಬಲ ಹಾಕಲಿಲ್ಲ. ಹಿಂದಿನ ಚಕ್ರಗಳು ಮೇಲೆ ಒಳಕ್ಕೆ, ಕೆಳಗೆ ಹೊರಕ್ಕೆ ವಾಲಿದ ಹಾಗೆ ಕಾಣುತ್ತದೆ, ಅದು ಮುರಿದದ್ದಾ? ಅಮ್ಮ ಈಗ ಕಾರು ಯಾರಿಗೂ ಕೊಡುವುದಿಲ್ಲ ಅನ್ನುತ್ತಿದ್ದಾರೆ, ರಿಪೇರಿ ಮಾಡಿಸಿದರೆ ರೋಡಿಗೆ ತರಬಹುದಾ ಅಂತ ಕೇಳಿದರು. ಆರ್‌ಸಿ ಪುಸ್ತಕ ಪೆಟ್ಟಿಗೆಯಲ್ಲಿ ಉಂಟಂತೆ.

ಕದ್ರಿ_ಗ್ಯಾರೇಜ್:
ಹಿಂದಿನ ಚಕ್ರ ಹೆರಾಲ್ಡಿನಲ್ಲಿ ವಾಲುವುದು ಸಹಜ. ಒಂದೊಂದು ಚಕ್ರ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವ ಆಕ್ಸಲ್ ಅದು. ಜಾಸ್ತಿ ವಾಲಿದ್ದರೆ ಲೀಫ್ ಸ್ಪ್ರಿಂಗ್ ಸೋತಿದೆ ಅಂತ ಲೆಕ್ಕ. ಸಾಮಾನು ಸಿಗುತ್ತದೆ, ಹೆದರಬೇಡಿ. ಟ್ರಯಂಫ್ ಸ್ಪಿಟ್‌ಫೈರ್ ಇದರ ಚಾಸಿಯನ್ನೇ ಕುಗ್ಗಿಸಿ ಮಾಡಿದ್ದು, ಹಾಗಾಗಿ ಇಂಗ್ಲೆಂಡಿನಲ್ಲಿ ಈಗಲೂ ಬಿಡಿ ಭಾಗ ಮಾಡುತ್ತಾರೆ.

ಕುಡ್ಲ_ಕಾಗದಪತ್ರ:
ಆರ್‌ಸಿ ಉಂಟು ಅಂದರೆ ಅರ್ಧ ಕೆಲಸ ಆಯಿತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರಿನಲ್ಲಿ, "ಎಂವೈ" ಮೈಸೂರು ರಾಜ್ಯದ ಕಾಲದ ನಂಬರ್. ಹಾಗಾಗಿ 50 ವರ್ಷ ದಾಟಿದೆ. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಮಾಡಿತು. 50 ವರ್ಷಕ್ಕಿಂತ ಹಳೆಯದಾಗಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ನೋಂದಣಿ ಮಾಡಿದರೆ "ವಿಎ" ಸರಣಿಯ ನಂಬರ್, ಮೊದಲೇ ನೋಂದಣಿ ಆಗಿದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆ "ಎಂವೈ" ಪ್ಲೇಟ್ ಬಿಡಲೇಬೇಡಿ ಅಂತ ಅಮ್ಮನಿಗೆ ಹೇಳಿ. ಆದರೆ ವಿಂಟೇಜ್ ಅಂತ ಮಾಡಿಸಿದ ಮೇಲೆ ದಿನಾ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಅಷ್ಟೇ. ಪೇಟೆಗೆ ಓಡಿಸುವ ಆಸೆ ಇದ್ದರೆ ಸಾಮಾನ್ಯ ಆರ್‌ಸಿಯನ್ನೇ ರಿನ್ಯೂ ಮಾಡಿಸುವುದು ಒಳ್ಳೆಯದು. ಯಾವುದು ಬೇಕು ಅಂತ ಆರ್‌ಟಿಒಗೆ ಹೋಗುವ ಮೊದಲೇ ಮನೆಯವರು ತೀರ್ಮಾನ ಮಾಡಲಿ.

ಮಕ್ಕಳನ್ನು ಒಮ್ಮೆ ಧರ್ಮಸ್ಥಳದ ಮ್ಯೂಸಿಯಂಗೆ ಕರೆದುಕೊಂಡು ಹೋಗಲು ಹೇಳಿ. ಹೆಗ್ಗಡೆಯವರು ಕೂಡಿಟ್ಟ ಹಳೇ ಕಾರು ನೋಡಿದ ಮೇಲೆ ಗುಜರಿ ಮಾತು ಎತ್ತಲಿಕ್ಕಿಲ್ಲ.

ಮಲ್ಪೆ_ವೆಲ್ಡರ್:
ಪಡುಕರೆಯವರೇ, ಭಾನುವಾರ ನಾನು ಫ್ರೀ ಇದ್ದೇನೆ. ಜ್ಯಾಕ್, ಸ್ಟ್ಯಾಂಡ್, ಟಾರ್ಚ್ ತರುತ್ತೇನೆ, ದುಡ್ಡು ಏನೂ ಬೇಡ. ಅಲ್ಲಿ ತನಕ ಯಾರೂ ಕೀ ಹಾಕಿ ಸ್ಟಾರ್ಟ್ ಮಾಡುವುದು ಬೇಡ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಇಡಿ, ನಾನು ಬಂದ ಮೇಲೆ ಕೈಯಲ್ಲಿ ತಿರುಗಿಸಿ ನೋಡುವ.